ತುಪಾಕಿಗೆ ಒಪ್ಪಿಗೆ

ಮಾಲೂರು
೧೦ ಫೆಬ್ರುವರಿ ೨೦೨೫

ತೀರ್ಥರೂಪು ಅಪ್ಪನವರಿಗೆ ರಜನಿಯ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡಿ, ಇಲ್ಲಿ ಇಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಮಾಧವ್ ಎಂದಿನಂತೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ಬರುತ್ತಾರೆ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಕಿವಿಯ ಕಥೆ ಗೊತ್ತೇ ಇದೆ. ನಾನು ಹೇಳಿದ್ದನ್ನು ಅಮ್ಮ ಕೇಳಿಸಿಕೊಂಡು, ಅದಕ್ಕೆ ತನ್ನದೊಂದು ಒಗ್ಗರಣೆ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ನಿಮಗೆ ಕೂಗಬೇಕು. ಈ ವಿಷಯ ಕೂಗುವಂಥದ್ದಲ್ಲ.

ನಮ್ಮ ಮನೆಯ ಬಂದೂಕನ್ನು ನನ್ನ ಹೆಸರಿಗೆ ಮಾಡಿಕೊಡಿ ಅಪ್ಪಾ. ನಿಮಗೆ ಎಪ್ಪತ್ತು ದಾಟಿತು. ಎಪ್ಪತ್ತಾದವರು ಬಂದೂಕನ್ನು ವಾರಸುದಾರರಿಗೆ ಬಿಟ್ಟುಕೊಡಬಹುದು. ಕದಿರೇಶಣ್ಣನಿಗೆ ಅದು ಬೇಡ, ಮಾವಿನ ತೋಟಕ್ಕೆ ಬಲೆ, ಪಟಾಕಿ ಸಾಕು ಅನ್ನುತ್ತಾನೆ. ತಾತನ ಕಾಲದಿಂದ ಮನೆಯಲ್ಲಿರುವ ವಸ್ತು ಹೊರಗೆ ಹೋಗುವುದು ನನಗೆ ಇಷ್ಟವಿಲ್ಲ. ಅಷ್ಟೇ, ಬೇರೆ ಕಾರಣ ಏನೂ ಇಲ್ಲ.

ಒಂದೇ ತೊಡಕು, ನಾನು ಸರ್ಕಾರಿ ನೌಕರಳು. ಊರವರ ಹಾಗೆ ನೇರವಾಗಿ ಅರ್ಜಿ ಹಾಕಿದರೆ ಆಗುವುದಿಲ್ಲ. ಈ ಗ್ರಾಮ ಆಡಳಿತ ಅಧಿಕಾರಿ ಬಂದೂಕು ಇಟ್ಟುಕೊಳ್ಳಲು ನಮ್ಮ ಅಭ್ಯಂತರವಿಲ್ಲ ಎಂದು ನನ್ನ ಇಲಾಖೆ ಮೊದಲು ಬರೆದುಕೊಡಬೇಕು. ನಮ್ಮ ಮೇಲಧಿಕಾರಿ ನಂದಕಿಶೋರ್ ಸಾಹೇಬರಿಗೆ ಕೇಳಿಕೊಂಡು ಬರೆದಿದ್ದೇನೆ. ಮುಳಬಾಗಿಲಿನ ಲೆಕ್ಕಪತ್ರದ ಮನೆತನದವರು, ಪ್ರತಿ ಅಕ್ಷರ ತೂಗಿ ನೋಡುತ್ತಾರೆ. ಆದರೂ ಕೊಡುತ್ತಾರೆ, ನನಗೆ ಧೈರ್ಯವಿದೆ.

ಅಮ್ಮನಿಗೆ ಸದ್ಯಕ್ಕೆ ಹೇಳಬೇಡಿ.

ನಿಮ್ಮ ಮಗಳು
ರಜನಿ


ಗೊಲ್ಲಹುಡ್ಯ, ಶ್ರೀನಿವಾಸಪುರ ತಾಲ್ಲೂಕು
೧೮ ಫೆಬ್ರುವರಿ ೨೦೨೫

ಚಿ. ಸೌ. ರಜನಿಗೆ ಅಪ್ಪ ಆಂಜಿನಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ಅಂಚೆಯವನು ನಿಮ್ಮಮ್ಮನ ಕೈಗೇ ಕೊಟ್ಟ. ಏನಂತೆ ಎಂದು ಕೈಸನ್ನೆಯಲ್ಲಿ ಕೇಳಿದಳು. ಪಿಂಚಣಿ ವಿಷಯ ಅಂದೆ. ನನಗೆ ಯಾವ ಪಿಂಚಣಿಯೂ ಇಲ್ಲ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಕಾಗದ ನನ್ನ ಕೈಗಿಟ್ಟು ಒಳಗೆ ಹೋದಳು.

ತುಪಾಕಿ ಕೇಳಿದ್ದೀಯ. ಸಂತೋಷ ಆಯಿತಮ್ಮಾ. ಜೊತೆಗೆ ಒಂದು ಅನುಮಾನವೂ ಆಯಿತು. ಚಿಕ್ಕಂದಿನಲ್ಲಿ ಕೋತಿ ಓಡಿಸಲು ನಾನು ತುಪಾಕಿ ಎತ್ತಿದರೆ ಸಾಕು, ನೀನು ರಾಗಿ ತುಂಬುವ ದೊಡ್ಡ ವಾಡೆಯ ಹಿಂದೆ ಹೋಗಿ ಕೂರುತ್ತಿದ್ದೆ. ಬೆಲ್ಲ ತೋರಿಸಿ ಕರೆದರೂ ಬರುತ್ತಿರಲಿಲ್ಲ. ಅಂಥವಳಿಗೆ ಈಗ ತಾತನ ವಸ್ತುವಿನ ಮೇಲೆ ಇಷ್ಟೊಂದು ಪ್ರೀತಿ ಬಂತೇ? ಬರಲಿ ಬಿಡು, ಒಳ್ಳೆಯದೇ.

ಆ ತುಪಾಕಿ ನನ್ನ ಎಡಗಿವಿ ತಿಂದಿತು, ವಯಸ್ಸು ಬಲಗಿವಿ ತಿಂದಿತು. ನಿನಗಾದರೂ ಕಿವಿ ಉಳಿಯಲಿ, ಹಾರಿಸುವಾಗ ಹತ್ತಿ ಇಟ್ಟುಕೋ. ಅದರ ಯೋಗಕ್ಷೇಮದ ಚಿಂತೆ ನಿನಗೆ ಬೇಡ. ಬಹಳ ಜೋಪಾನವಾಗಿದೆ. ಹೋದ ಆಯುಧಪೂಜೆಗೆ ಪೆಟ್ಟಿಗೆಗೆ ಕುಂಕುಮ ಇಟ್ಟು ಕೈ ಮುಗಿದಿದ್ದೇನೆ.

ತೋಟ ಈ ಸಲ ಒಳ್ಳೆ ಹೂ ಬಿಟ್ಟಿದೆ. ನಿಮ್ಮಣ್ಣನ ಮುಖವೂ ಅರಳಿದೆ.

ಅಪ್ಪ


ಮಾಲೂರು
೫ ಮಾರ್ಚ್ ೨೦೨೫

ಅಪ್ಪನವರಿಗೆ ನಮಸ್ಕಾರ.

ಸಾಹೇಬರು ಕರೆಸಿದ್ದರು. ಕಾರಣ ಎಂಬಲ್ಲಿ ನಾನು ಬೆಳೆ ರಕ್ಷಣೆ ಎಂದು ಬರೆದಿದ್ದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು, "ಬೆಳೆ ಇರೋದು ಶ್ರೀನಿವಾಸಪುರದಲ್ಲಿ, ನೀವಿರೋದು ಮಾಲೂರಲ್ಲಿ. ಕೋತಿ ಬಂದಾಗ ಬಸ್ಸು ಹತ್ತಿ ಹೋಗ್ತೀರೇನಮ್ಮಾ?"

ನಾನು ನಕ್ಕೆ, ಅವರು ನಗಲಿಲ್ಲ. "ನಿಜ ಹೇಳಿ. ಕೆಲಸದಲ್ಲಿ ಯಾರಾದ್ರೂ ಹೆದರಿಸ್ತಿದ್ದಾರಾ? ಹೌದು ಅಂದ್ರೆ ನಿಮ್ಮನ್ನ ಆ ಜಾಗದಲ್ಲಿ ಬಿಡೋದು ನನಗೆ ತಪ್ಪಾಗುತ್ತೆ. ಕೋಲಾರಕ್ಕೆ, ಹಳೇ ದಾಖಲೆ ಕೋಣೆಗೆ ಹಾಕಿಸ್ತೀನಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಇಲ್ಲ ಅಂದ್ರೆ ಬಂದೂಕು ಯಾಕೆ?"

ನೋಡಿ ಅಪ್ಪಾ, ಹೇಗಿದೆ ನ್ಯಾಯ! ಭಯ ಇದೆ ಅಂದರೆ ಕೆಲಸದ ಜಾಗ ಹೋಗುತ್ತದೆ, ಭಯ ಇಲ್ಲ ಅಂದರೆ ಬಂದೂಕು ಹೋಗುತ್ತದೆ. ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ಯೋಚಿಸಿ ಹೇಳುತ್ತೇನೆ ಸಾರ್ ಎಂದು ಎದ್ದು ಬಂದೆ.

ಭಯ ಗಿಯ ಏನೂ ಇಲ್ಲ, ನೀವು ಏನೇನೋ ಊಹಿಸಿಕೊಳ್ಳಬೇಡಿ. ಕೆರೆಯ ಗಡಿ ಗುರುತಿಸಿ ಕಲ್ಲು ನೆಡುವ ಕೆಲಸ ಹಿಡಿದಿದ್ದೇನೆ. ಇಟ್ಟಿಗೆ ಗೂಡಿಗೆ ಮಣ್ಣು ಹೊಡೆಯುವ ಟ್ರ್ಯಾಕ್ಟರಿನವರು ಸ್ವಲ್ಪ ಗೊಣಗುತ್ತಾರೆ. ಗೊಣಗದೆ ಇನ್ನೇನು, ಆರತಿ ಎತ್ತುತ್ತಾರೆಯೇ? ಕೋಲಾರಕ್ಕಂತೂ ನಾನು ಹೋಗುವುದಿಲ್ಲ. ಕಲ್ಲು ನೆಟ್ಟೇ ನೆಡುತ್ತೇನೆ.

ರಜನಿ


ಗೊಲ್ಲಹುಡ್ಯ
೧೩ ಮಾರ್ಚ್ ೨೦೨೫

ರಜನಿಗೆ ಆಶೀರ್ವಾದ.

ಕಾಗದ ತಲುಪಿತು. ನೀನು ಹೇಳಿದ್ದೆಲ್ಲ ತಿಳಿಯಿತು.

ಆ ಕೆರೆಯ ಹೆಸರೇನು? ಮಾಲೂರಿನಿಂದ ಅಲ್ಲಿಗೆ ಬಸ್ಸು ಇದೆಯೇ, ಆಟೋ ಮಾಡಬೇಕೇ? ಹಾಗೇ ಸುಮ್ಮನೆ ಕೇಳಿದೆ.

ಕಾಯಿ ಕಟ್ಟಿದೆ. ಎಲ್ಲರೂ ಕ್ಷೇಮ.

ಅಪ್ಪ


ಮಾಲೂರು
೨೪ ಮಾರ್ಚ್ ೨೦೨೫

ಅಪ್ಪನವರಿಗೆ ನಮಸ್ಕಾರ.

ನೀವು ಕೆರೆಯ ಹೆಸರು ಕೇಳಿದ್ದು ಓದಿ ಎಷ್ಟು ಖುಷಿಯಾಯಿತು ಗೊತ್ತೇ? ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಮನೆಯಲ್ಲಿ ಯಾರೂ ಇಷ್ಟು ವಿಚಾರಿಸಿದ್ದಿಲ್ಲ. ಅಮ್ಮನಿಗೆ ನಾನು ಆಫೀಸಿನಲ್ಲಿ ಸಹಿ ಹಾಕುವವಳು, ಅಷ್ಟೇ.

ಅದರ ಹೆಸರು ಬೋಡಿಕೆರೆ. ಬಸ್ಸು ಕ್ರಾಸಿನವರೆಗೆ ಇದೆ, ಅಲ್ಲಿಂದ ನಡೆಯಬೇಕು. ಕಟ್ಟೆಯ ಮೇಲೆ ದೊಡ್ಡ ಹುಣಸೆಮರ. ಕೆರೆಯ ಅಂಗಳದಲ್ಲಿ ಆಳೆತ್ತರದ ಗುಂಡಿಗಳು. ಹೋದ ವರ್ಷ ಒಂದು ಎಮ್ಮೆ ಬಿದ್ದು ಸತ್ತಿತು. ಮಣ್ಣೆಲ್ಲ ಅಶ್ವತ್ಥಪ್ಪ ಎಂಬುವವರ ಇಟ್ಟಿಗೆ ಗೂಡಿಗೆ ಹೋಗುತ್ತದೆ ಎಂದು ಊರಿಗೇ ಗೊತ್ತು. ಅವರನ್ನು ಕೇಳಿದರೆ "ಅಯ್ಯೋ, ಆ ಟ್ರ್ಯಾಕ್ಟರು ನಮ್ದಲ್ಲ ಮೇಡಂ, ನಾವು ಪಟ್ಟಾ ಜಮೀನಿನ ಮಣ್ಣು ಕೊಂಡ್ಕೊಳ್ಳೋರು" ಅನ್ನುತ್ತಾರೆ. ಬಹಳ ಮರ್ಯಾದಸ್ಥರು. ಮೊನ್ನೆ ನನ್ನ ಮನೆ ಎಲ್ಲಿ, ಮಾಧವ್ ಎಷ್ಟು ಹೊತ್ತಿಗೆ ಬರುತ್ತಾರೆ ಎಂದೆಲ್ಲ ಕ್ಷೇಮ ವಿಚಾರಿಸಿದರು.

ಏಪ್ರಿಲ್ ಕೊನೆಗೆ ಕಲ್ಲು ನೆಡಬೇಕು. ಸಾಹೇಬರ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಸ್ಕೂಟರು ಪಂಚರ್ ಆಗಿ ಈ ವಾರ ಆಟೋದಲ್ಲೇ ಓಡಾಟ. ಎರಡೂ ಚಕ್ರ ಒಟ್ಟಿಗೇ ಹೋದವು, ನನ್ನ ಅದೃಷ್ಟ.

ರಜನಿ


ಮಾಲೂರು
೧೬ ಏಪ್ರಿಲ್ ೨೦೨೫

ಅಪ್ಪಾ,

ಏನು ಕೆಲಸ ಮಾಡಿಬಿಟ್ಟಿರಿ?

ಅಶ್ವತ್ಥಪ್ಪ ನಮ್ಮ ಆಫೀಸಿಗೆ ದೂರು ಕೊಟ್ಟಿದ್ದಾನೆ. ಅದರಲ್ಲಿರುವುದನ್ನು ಹಾಗೆಯೇ ಬರೆಯುತ್ತೇನೆ, ಓದಿಕೊಳ್ಳಿ: "ದಿನಾಂಕ ೧೧ರಂದು ಬೋಡಿಕೆರೆಯ ಅಂಗಳದಲ್ಲಿ ನಮ್ಮ ಟ್ರ್ಯಾಕ್ಟರುಗಳಿಗೆ ಮಣ್ಣು ತುಂಬಿಸುತ್ತಿರುವಾಗ, ಸದರಿ ರಜನಿಯವರ ತಂದೆ ಎಂದು ಹೇಳಿಕೊಂಡ ಆಸಾಮಿಯು ಗೋಣಿಯಲ್ಲಿ ಸುತ್ತಿದ ಬಂದೂಕಿನೊಂದಿಗೆ ಬಂದು, ಇದು ಇನ್ನು ಮೇಲೆ ನನ್ನ ಮಗಳ ಹೆಸರಿಗೆ ಎಂದು ಹೇಳಿ, ನಾವು ಎಷ್ಟು ಗದರಿಸಿದರೂ ಜಗ್ಗದೆ ನಿಂತು ಜೀವ ಬೆದರಿಕೆ ಹಾಕಿರುತ್ತಾರೆ."

ಸಾಹೇಬರ ಮುಖ ಕಪ್ಪಿಟ್ಟಿತ್ತು. "ಇಂಥ ಮನೆಗೆ ಬಂದೂಕು ಕೊಡಿ ಅಂತ ನಾನು ಹೇಗಮ್ಮಾ ಬರೀಲಿ? ಬಂದೂಕು ಹಾಗಿರ್ಲಿ, ನಿಮ್ಮ ಕೆಲಸಕ್ಕೇ ಬರುತ್ತೆ ಇದು" ಅಂದರು. ಸೋಮವಾರದೊಳಗೆ ಉತ್ತರ ಕೊಡಬೇಕು. ಅಲ್ಲಿಯವರೆಗೆ ಕಲ್ಲು ನೆಡುವ ಕೆಲಸವನ್ನೂ ನನ್ನ ಕೈಯಿಂದ ತೆಗೆದಿದ್ದಾರೆ. ಅದು ನನಗೆ ಎಷ್ಟು ಉರಿಯಿತು ಎಂದರೆ, ಆಫೀಸಿನಿಂದ ಮನೆಗೆ ಬರುವವರೆಗೆ ಯಾರ ಮುಖವನ್ನೂ ನೋಡಲಿಲ್ಲ.

ಯಾಕೆ ಹೋದಿರಿ? ಯಾರು ಹೇಳಿದರು ನಿಮಗೆ ಹೋಗಲು? ಇಲ್ಲಿಯವರೆಗೆ ಬಂದವರು ನನ್ನ ಮನೆಗೂ ಬರಲಿಲ್ಲವಲ್ಲ! ಒಂದೇ ಒಂದು ಮಾತು ನಿಜ ಹೇಳಿ. ಅವತ್ತು ಬಂದೂಕು ತಂದಿದ್ದಿರಾ, ಇಲ್ಲವಾ?

ಇದನ್ನು ಅಂಚೆಗೆ ಹಾಕುತ್ತಿಲ್ಲ, ನಾಳೆ ಊರಿನ ಕಡೆ ಬರುವವರ ಕೈಲಿ ಕಳಿಸುತ್ತೇನೆ. ಉತ್ತರವನ್ನು ಕದಿರೇಶಣ್ಣನ ಕೈಲೇ ಕಳಿಸಿ.

ರಜನಿ


ಗೊಲ್ಲಹುಡ್ಯ
೧೮ ಏಪ್ರಿಲ್ ೨೦೨೫

ರಜನಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿನಗೆ ಒಳ್ಳೆಯದು ಮಾಡಲು ಹೋಗಿ ನಿನ್ನ ಅನ್ನಕ್ಕೇ ಕಲ್ಲು ಹಾಕಿದೆನೇನಮ್ಮಾ?

ತುಪಾಕಿ ತಂದಿರಲಿಲ್ಲ. ತರುವುದಕ್ಕೆ ಅದು ಮನೆಯಲ್ಲೇ ಇಲ್ಲ.

ಹೋದ ವರ್ಷ ಎಲೆಕ್ಷನ್ ಬಂತಲ್ಲ, ಲೈಸೆನ್ಸು ಇರುವವರೆಲ್ಲ ಹೋಗಿ ಶ್ರೀನಿವಾಸಪುರದ ಠಾಣೆಯಲ್ಲಿ ಒಪ್ಪಿಸಿ ಬಂದೆವು. ಎಲೆಕ್ಷನ್ ಮುಗಿಯಿತು, ಎಲ್ಲರೂ ಬಿಡಿಸಿಕೊಂಡು ಬಂದರು. ನಾನು ಹೋಗಲಿಲ್ಲ. ಇವತ್ತು ನಾಳೆ ಅಂದುಕೊಂಡು ಬಿಟ್ಟೆ. ಆಮೇಲೆ ಅದು ಇಲ್ಲದೆಯೇ ನಿದ್ದೆ ಚೆನ್ನಾಗಿ ಬರುತ್ತದೆ ಅನ್ನಿಸಿತು. ಆದರೆ ಊರಲ್ಲಿ ತುಪಾಕಿ ಆಂಜಿನಪ್ಪ ಅನ್ನಿಸಿಕೊಂಡವನು, ಬೇಡ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಆಯುಧಪೂಜೆಯಲ್ಲಿ ನಾನು ಕುಂಕುಮ ಇಟ್ಟದ್ದು ಖಾಲಿ ಪೆಟ್ಟಿಗೆಗೆ. ನೀನು ಕೇಳಿದಾಗಲೂ ಜೋಪಾನವಾಗಿದೆ ಅಂದೆ. ಸುಳ್ಳಲ್ಲ, ಪೊಲೀಸರ ಬೀರುವಿನಲ್ಲಿದೆ.

ಯಾಕೆ ಹೋದೆ ಅಂತೀಯ. ನಮ್ಮ ಮಾವಿನ ಲೋಡು ಹೊಡೆಯುವ ಡ್ರೈವರು ಆ ಇಟ್ಟಿಗೆ ಗೂಡಿಗೂ ಹೋಗುತ್ತಾನೆ. ಮೇಡಂ ಸ್ಕೂಟರಿನ ಚಕ್ರ ಕುಯ್ದರು ಎಂದು ಅಲ್ಲಿನವರು ನಕ್ಕೊಂಡು ಹೇಳಿದರಂತೆ. ನೀನು ಪಂಚರ್ ಎಂದು ಬರೆದದ್ದೂ, ಅವನು ಬಂದು ಹೇಳಿದ್ದೂ ಒಂದೇ ವಾರ. ಕುಯ್ದ ಚಕ್ರಕ್ಕೆ ಅದೃಷ್ಟ ಅಂತೀಯಲ್ಲ, ನನ್ನ ಹತ್ತಿರವೂ ಮುಚ್ಚಿಟ್ಟೆಯಲ್ಲ, ನಾನೇ ಹೋಗಿ ಬರೋಣ ಅಂದುಕೊಂಡೆ.

ಹನ್ನೊಂದನೇ ತಾರೀಕು ಕೋಲಾರಕ್ಕೆ ಹೋಗಿ ಮಾವಿನಕಾಯಿ ಕೀಳುವ ಹೊಸ ದೋಟಿ ಕೊಂಡೆ. ಎರಡು ತುಂಡಾಗಿ ಬಿಚ್ಚುವಂಥದ್ದು. ಬಸ್ಸಿನಲ್ಲಿ ಯಾರಿಗೂ ಚುಚ್ಚದಿರಲಿ ಎಂದು ಅಂಗಡಿಯವನು ಗೋಣಿ ಸುತ್ತಿ ಹುರಿಯಲ್ಲಿ ಬಿಗಿದು ಕೊಟ್ಟ. ಅದನ್ನು ಹೆಗಲ ಮೇಲಿಟ್ಟುಕೊಂಡೇ ಮಾಲೂರಿನ ಬಸ್ಸು ಹತ್ತಿದೆ. ಹುಣಸೆಮರದ ಕೆಳಗೆ ನಿಂತು, ನಾನು ರಜನಿಯ ಅಪ್ಪ, ನಮ್ಮ ಮನೆ ತುಪಾಕಿ ಅವಳ ಹೆಸರಿಗೆ ಆಗ್ತಿದೆ, ಅವಳ ತಂಟೆಗೆ ಬರಬೇಡಿ ಅಂದೆ. ಆ ಅಶ್ವತ್ಥಪ್ಪನ ಕಣ್ಣು ಗೋಣಿಯ ಮೇಲೇ ಇತ್ತು. ಅವನೇನು ನೋಡಿದನೋ, ಏನು ಅಂದುಕೊಂಡನೋ, ನಾನು ತಿದ್ದಲೂ ಹೋಗಲಿಲ್ಲ. ಎಷ್ಟು ಗದರಿಸಿದರೂ ಜಗ್ಗಲಿಲ್ಲ ಎಂದು ಬರೆದಿದ್ದಾನಲ್ಲ, ಅವನು ಬಾಯಿ ಆಡಿಸಿದ್ದು ಕಂಡಿತು, ಒಂದು ಅಕ್ಷರವೂ ಕೇಳಿಸಲಿಲ್ಲ. ಕೇಳಿಸದವನಿಗೆ ಗದರಿಸಿದರೆ ಏನು ಬಂತು? ಅವನು ನಿಲ್ಲಿಸುವವರೆಗೆ ನಿಂತಿದ್ದು ಬಂದೆ.

ನಿನ್ನ ಮನೆಗೆ ಬರಲಿಲ್ಲ, ನಿಜ. ಕ್ರಾಸಿಗೆ ಬಂದು ಟೀ ಲೋಟ ಹಿಡಿದರೆ ಅರ್ಧ ಟೀ ಪಂಚೆಯ ಮೇಲೆ. ಆ ನಡುಗುವ ಕೈಯನ್ನು ನಿನಗೆ ತೋರಿಸಬಾರದು ಅನ್ನಿಸಿತು.

ಠಾಣೆಗೆ ಯಾರು ಬೇಕಾದರೂ ಫೋನ್ ಮಾಡಿ ಕೇಳಲಿ. ನನ್ನ ಮರ್ಯಾದೆ ಹೋದರೆ ಹೋಗಲಿ, ನಿನ್ನ ಕೆಲಸ ಉಳಿಯಲಿ.

ಅಪ್ಪ


ಮಾಲೂರು
೩ ಮೇ ೨೦೨೫

ನಾಯ್ನಾ,

ಎಷ್ಟು ವರ್ಷವಾಯಿತೋ ಹೀಗೆ ಕರೆದು! ನಿಮ್ಮ ಕಾಗದ ಓದಿದ ಮೇಲೆ ತೀರ್ಥರೂಪು ಗೀರ್ಥರೂಪು ಬರೆಯಲು ಕೈ ಬರುತ್ತಿಲ್ಲ.

ಟೀ ಚೆಲ್ಲಿದ್ದನ್ನು ಓದಿ ಅತ್ತೆ. ಅತ್ತು ಮುಗಿದ ಮೇಲೆ ತಲೆ ತಿಳಿಯಾಯಿತು. ಆ ದೂರನ್ನು ಮತ್ತೊಮ್ಮೆ ಓದಿದೆ. ಓದಿದವಳು ಎದ್ದು ನಿಂತೆ!

ಸೋಮವಾರ ಸಾಹೇಬರ ಮುಂದೆ ಹೋದೆ. ಮೊದಲು ಶ್ರೀನಿವಾಸಪುರದ ಠಾಣೆಗೆ ಫೋನ್ ಮಾಡಿ ಸಾರ್ ಅಂದೆ. ಸ್ಪೀಕರ್ ಹಾಕಿದರು. "ಆಂಜಿನಪ್ಪನ ಬಂದೂಕಾ ಸಾರ್? ಎಲೆಕ್ಷನ್ನಿಂದ ನಮ್ಮ ಹತ್ರಾನೇ ಬಿದ್ದಿದೆ. ತಗೊಂಡ್ ಹೋಗಯ್ಯಾ ಅಂತ ಹೇಳಿ ಹೇಳಿ ಸಾಕಾಯ್ತು, ನೀವಾದ್ರೂ ಹೇಳಿ" ಎಂದು ಆ ಕಡೆಯಿಂದ ಉತ್ತರ ಬಂತು. ಸಾಹೇಬರು ನನ್ನ ಮುಖ ನೋಡಿದರು, ನಾನು ದೋಟಿಯ ಕಥೆ ಹೇಳಿದೆ. ಲೆಕ್ಕಪತ್ರದ ಮನೆತನದವರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂದು ಅವತ್ತು ಗೊತ್ತಾಯಿತು.

ಅವರ ನಗು ನಿಂತ ಮೇಲೆ ದೂರನ್ನು ಮುಂದಿಟ್ಟೆ. "ಸಾರ್, ಬಂದೂಕಿನ ಮಾತು ಸುಳ್ಳು. ಆದ್ರೆ ಈ ಮೊದಲನೇ ಸಾಲು ಓದಿ." ನಮ್ಮ ಟ್ರ್ಯಾಕ್ಟರುಗಳಿಗೆ ಮಣ್ಣು ತುಂಬಿಸುತ್ತಿರುವಾಗ! ಟ್ರ್ಯಾಕ್ಟರು ನಮ್ಮದಲ್ಲ, ಕೆರೆಯ ಮಣ್ಣು ನಾವು ಮುಟ್ಟುವವರಲ್ಲ ಎಂದು ಇಷ್ಟು ದಿನ ಹೇಳಿದವನು, ನಿಮ್ಮ ಮೇಲಿನ ಸಿಟ್ಟಿನಲ್ಲಿ ತನ್ನ ಕೈಯಾರೆ ಬರೆದು ಸಹಿ ಹಾಕಿ ಕೊಟ್ಟಿದ್ದಾನೆ. ಸಾಹೇಬರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, "ಇವನಿಗಿಂತ ದೊಡ್ಡ ಸಾಕ್ಷಿ ನಮಗೆ ಯಾರಮ್ಮಾ ಸಿಗ್ತಾರೆ?" ಅಂದರು. ಅದೇ ದೂರನ್ನು ಇಟ್ಟುಕೊಂಡು ಅವನ ಮೇಲೆ ಮೊಕದ್ದಮೆ ಹೂಡಿಸಿದರು. ಎರಡು ಟ್ರ್ಯಾಕ್ಟರು ಈಗ ಮಾಲೂರು ಠಾಣೆಯ ಮುಂದೆ ನಿಂತಿವೆ. ಕಲ್ಲು ನೆಡುವ ಕೆಲಸ ನನ್ನ ಕೈಗೇ ವಾಪಸು ಬಂತು.

ಆಮೇಲೆ ಅವರು ಹಳೆಯ ಪ್ರಶ್ನೆಯನ್ನೇ ಕೇಳಿದರು. ಈ ಸಲ ನಾನು ಮುಚ್ಚಿಡಲಿಲ್ಲ. ಚಕ್ರ ಕುಯ್ದದ್ದು, ಕಟ್ಟೆಯ ಮೇಲೆ ಟ್ರ್ಯಾಕ್ಟರು ಅಡ್ಡ ಹಾಕಿದ್ದು, ಗಂಡ ಬರುವವರೆಗೆ ಒಬ್ರೇ ಇರ್ತೀರಲ್ಲಾ ಎಂದು ಅಶ್ವತ್ಥಪ್ಪ ನಕ್ಕದ್ದು, ಎಲ್ಲ ಹೇಳಿದೆ. "ಭಯ ಇದೆ ಸಾರ್. ಭಯ ಇದ್ರೂ ಇಲ್ಲೇ ಇರ್ತೀನಿ. ಈ ಎರಡು ಮಾತನ್ನ ಒಂದೇ ಕಾಗದದಲ್ಲಿ ಬರೆಯೋಕಾಗಲ್ವಾ?"

ಅವರು ನನ್ನ ಹಳೆಯ ಅರ್ಜಿಯನ್ನು ಕಡತದಿಂದ ತೆಗೆದು ಮತ್ತೆ ಓದಿದರು. ಆಮೇಲೆ ಬರೆಯುತ್ತೇನೆ ಅಂದರು.

ನಾಯ್ನಾ, ನಿಮಗೂ ಹೇಳಿಬಿಡುತ್ತೇನೆ. ನನಗೆ ತುಂಬಾ ಭಯವಾಗಿತ್ತು. ಬಂದೂಕು ಕೇಳಿದ್ದು ತಾತನ ನೆನಪಿಗಲ್ಲ.

ಈಗ ಉಳಿದಿರುವುದು ಮನೆಯ ವಾರಸುದಾರರ ಒಪ್ಪಿಗೆ. ಅಣ್ಣ ಸಹಿ ಹಾಕಿ ಕಳಿಸಿದ್ದಾನೆ. ಅಮ್ಮನ ಸಹಿಯೂ ಬೇಕು. ನೀವೇ ಹೇಗಾದರೂ ಮಾಡಿ ಹೇಳಿ.

ರಜನಿ


ಗೊಲ್ಲಹುಡ್ಯ
೧೨ ಮೇ ೨೦೨೫

ಅಮ್ಮಯ್ಯಾ,

ನೀನು ಹೆದರಿದ್ದೆ ಎಂದು ಬರೆದದ್ದನ್ನು ಓದಿ ನನ್ನ ಎದೆಭಾರ ಇಳಿಯಿತು. ಹೆದರುವುದೇ ಇಲ್ಲ ಅನ್ನುವ ಮಗಳನ್ನು ಕಾಯುವುದು ಬಹಳ ಕಷ್ಟ.

ನಿಮ್ಮಮ್ಮನಿಗೆ ಹೇಳಲು ಎರಡು ದಿವಸ ಧೈರ್ಯ ಕೂಡಿಸಿಕೊಂಡೆ. ಪೆಟ್ಟಿಗೆಯ ವಿಷಯದಿಂದ ಶುರು ಮಾಡಿದೆ. ಅವಳು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು ನನ್ನ ಬಲಗಿವಿಗೆ ಬಾಯಿಟ್ಟು ಕೂಗಿದಳು, "ಖಾಲಿ ಅಂತ ಆಯುಧಪೂಜೆ ದಿನಾನೇ ಗೊತ್ತು ನಂಗೆ! ಒರೆಸೋಕೆ ಎತ್ತಿದ್ರೆ ಹೂವಿನ್ ತರ ಹಗುರ ಇತ್ತು. ಖಾಲಿ ಪೆಟ್ಟಿಗೇಗೆ ಅಷ್ಟ್ ಭಕ್ತಿಯಿಂದ ಕೈ ಮುಗೀತಿದ್ದೀರಲ್ಲ, ಪಾಪ ಅಂತ ಸುಮ್ನಿದ್ದೆ." ನೋಡಿದೆಯಾ? ಇಷ್ಟು ದಿನ ನಾವು ಯಾರಿಗೆ ಮುಚ್ಚಿಡುತ್ತಿದ್ದೆವೋ!

ನಿನ್ನ ವಿಷಯ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಅಂದಳು, "ಸಹಿ ಹಾಕ್ತೀನಿ. ಅವಳೇ ಬಂದು ಕೇಳ್ಲಿ. ಆಫೀಸಿನ ಸಾಹೇಬ್ರನ್ನ ಕೇಳಿದ್ಳಂತೆ, ಅಣ್ಣನ್ನ ಕೇಳಿದ್ಳಂತೆ, ಹೆತ್ತೋಳನ್ನ ಕೇಳೋಕೆ ಏನ್ ರೋಗ ಇವಳಿಗೆ?"

ನ್ಯಾಯವಾದ ಮಾತು. ಬಾ. ಕಾಯಿ ಬಲಿಯುತ್ತಿದೆ, ಮುಂದಿನ ತಿಂಗಳು ಕೀಳಲು ಶುರು. ಠಾಣೆಗೆ ಯಾವತ್ತು ಹೋಗೋಣ ಹೇಳು, ಒಗೆದ ಪಂಚೆ ತೆಗೆದಿಡುತ್ತೇನೆ.

ಅಪ್ಪ


ಮಾಲೂರು
೨೯ ಮೇ ೨೦೨೫

ನಾಯ್ನಾ,

ಬೋಡಿಕೆರೆಗೆ ಕಲ್ಲು ನೆಟ್ಟೆವು. ಹುಣಸೆಮರದ ಹತ್ತಿರದ ಮೊದಲನೆಯ ಕಲ್ಲಿಗೆ ಊರಿನ ಭಾರತಮ್ಮ ಎಂಬ ಹೆಂಗಸು ಅರಿಶಿನ ಬಳಿದರು. ಗುಂಡಿಗೆ ಬಿದ್ದು ಸತ್ತದ್ದು ಅವರ ಎಮ್ಮೆಯೇ. ಅಶ್ವತ್ಥಪ್ಪನ ಕಡೆಯವರು ದೂರದಲ್ಲಿ ನಿಂತು ನೋಡಿದರು, ಯಾರೂ ಹತ್ತಿರ ಬರಲಿಲ್ಲ.

ಸಾಯಂಕಾಲ ಆಫೀಸಿಗೆ ಬಂದರೆ ಒಪ್ಪಿಗೆ ನನ್ನ ಮೇಜಿನ ಮೇಲಿತ್ತು. ಸಾಹೇಬರು ಮಾತು ಉಳಿಸಿಕೊಂಡಿದ್ದಾರೆ. ಸದರಿ ನೌಕರರಿಗೆ ಕರ್ತವ್ಯದಲ್ಲಿ ಬೆದರಿಕೆ ಇರುವುದು ನಿಜ, ಇವರು ಇದೇ ಸ್ಥಳದಲ್ಲಿ ಮುಂದುವರಿಯುವುದು ಅಗತ್ಯ, ಇವರು ಬಂದೂಕು ಹೊಂದಲು ಇಲಾಖೆಯ ಅಭ್ಯಂತರವಿಲ್ಲ. ನಿಂತಲ್ಲೇ ಮತ್ತೆ ಮತ್ತೆ ಓದಿದೆ. ಬೆದರಿಕೆ ನಿಜ ಅಂದರು, ಇಲ್ಲೇ ಇರಲಿ ಅಂದರು. ಫೆಬ್ರುವರಿಯಿಂದ ನಾನು ಕೇಳುತ್ತಿದ್ದದ್ದು ಇಷ್ಟನ್ನೇ ಅನ್ನಿಸಿತು. ಅದನ್ನು ಕೇಳಲು ಬಂದೂಕಿನ ನೆಪ ಬೇಕಾಯಿತು.

ಅದಕ್ಕೆ ಠಾಣೆಯದು ಠಾಣೆಯಲ್ಲೇ ಇರಲಿ. ಅದು ಇಲ್ಲದೆ ನಿಮಗೆ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಬೇಕಾದ ದಿನ ಒಪ್ಪಿಗೆ ಕೈಯಲ್ಲಿದೆ, ಹೋಗಿ ತರುತ್ತೇನೆ. ಬೇಡವೇ ಬೇಡ ಅನ್ನಿಸಿದರೆ ಇಬ್ಬರೂ ಒಟ್ಟಿಗೇ ಹೋಗಿ ಸರ್ಕಾರಕ್ಕೇ ಬಿಟ್ಟುಕೊಟ್ಟು ಬರೋಣ. ಊರವರು ತುಪಾಕಿ ಆಂಜಿನಪ್ಪ ಅನ್ನುವುದನ್ನೇನೂ ಬಿಡುವುದಿಲ್ಲ. ಭಾನುವಾರ ಮಾಧವ್ ಜೊತೆ ಬರುತ್ತೇನೆ. ಅಮ್ಮನ ಸಹಿಗಲ್ಲ, ಬೈಸಿಕೊಳ್ಳಲು. ಮುದ್ದೆ, ಉಪ್ಪುಸಾರು ಮಾಡಿರಲಿ.

ಒಂದು ಮಾತು ಮರೆತೆ. ಬೋಡಿಕೆರೆಯ ಕಡೆ ಇನ್ನೂ ನನ್ನ ಮನೆಗೆ ಬಂದೂಕು ಬಂದಿದೆ ಎಂದೇ ಮಾತು. ನಾನು ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ನಿಮ್ಮ ಆ ಹೊಸ ದೋಟಿಯನ್ನು ನನಗೆ ಕೊಟ್ಟುಬಿಡಿ, ಅಣ್ಣನಿಗೆ ಬೇರೆ ಕೊಂಡುಕೊಡುತ್ತೇನೆ. ನಮ್ಮ ಮನೆಯ ಹಿಂದೆಯೂ ಒಂದು ಮಾವಿನಮರ ಇದೆ. ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಹೆಗಲ ಮೇಲಿಟ್ಟುಕೊಂಡು ತರುತ್ತೇನೆ.

ಗೋಣಿ ಮಾತ್ರ ಬಿಚ್ಚಬೇಡಿ.

ನಿಮ್ಮ
ರಜನಿ